ನಡುವೆ ನಿಲ್ಲಬೇಕಾದ ದನಿ

ಸ್ಟೀರಿಯೋ ಸರಿಯಾಗಿ ಕೂತಿರುವ ಮನೆಯಲ್ಲಿ ಹಾಡು ಬರುವುದು ಎರಡು ಸ್ಪೀಕರುಗಳ ನಡುವಿನ ಖಾಲಿ ಜಾಗದಿಂದ. ಅಲ್ಲಿರುವುದು ಬರೀ ಗೋಡೆ, ಹೆಚ್ಚೆಂದರೆ ಗೋಡೆಗೆ ಜೋತುಬಿದ್ದ ಒಂದು ಕ್ಯಾಲೆಂಡರು. ಕಣ್ಣು ಮುಚ್ಚಿದರೆ ಗಾಯಕಿ ಆ ಕ್ಯಾಲೆಂಡರಿನ ಕೆಳಗೇ ಕೂತಿದ್ದಾರೆ. ನಮ್ಮ ಬಲಕ್ಕೆ ಪಿಟೀಲು, ಎಡಕ್ಕೆ ಮೃದಂಗ, ಹಿಂದೆಲ್ಲೋ ತಂಬೂರಿ. ಸ್ಪೀಕರುಗಳು ತಮಗೂ ಇದಕ್ಕೂ ಸಂಬಂಧವೇ ಇಲ್ಲ ಎಂಬಂತೆ ಎರಡು ಮೂಲೆಯಲ್ಲಿ ಸುಮ್ಮನೆ ನಿಂತಿರುತ್ತವೆ. ಈ ಸುಖಕ್ಕೆ ಒಮ್ಮೆ ಒಗ್ಗಿಕೊಂಡ ಕಿವಿ ಅದಿಲ್ಲದ ಹಾಡನ್ನು ಹಾಡೆಂದೇ ಒಪ್ಪುವುದಿಲ್ಲ.

ಇಂಥ ಬಿಂಬ ಒಂದು ದಿನ ಕಳೆದುಹೋಗುತ್ತದೆ. ಯಾವ ಸದ್ದೂ ನಿಂತಿಲ್ಲ, ಯಾವ ದೀಪವೂ ಆರಿಲ್ಲ, ಗೊರಗೊರ ಎನ್ನುತ್ತಿಲ್ಲ, ಸುಟ್ಟ ವಾಸನೆಯಿಲ್ಲ. ಹಾಡು ಬರುತ್ತಲೇ ಇದೆ. ಆದರೆ ಗಾಯಕಿ ಎಡಗಡೆಯ ಪೆಟ್ಟಿಗೆಯೊಳಕ್ಕೆ ಹೋಗಿ ಕೂತಿರುತ್ತಾರೆ, ಇಲ್ಲವೇ ಕೋಣೆಯ ತುಂಬ ಹರಡಿಕೊಂಡು ಎಲ್ಲೂ ಸಿಗದಂತಾಗಿರುತ್ತಾರೆ. ಮನೆಯವರಿಗೆ ಹೇಳಿದರೆ "ಚೆನ್ನಾಗೇ ಕೇಳ್ತಿದೆಯಲ್ಲ" ಎನ್ನುತ್ತಾರೆ. ಕುರ್ಚಿಯಲ್ಲಿ ಕೂತವರಿಗೆ ಮಾತ್ರ ಗೊತ್ತಾಗುವ ಕಾಯಿಲೆ ಇದು. ಮೀಟರು ಹಿಡಿದು ನೇರವಾಗಿ ಅಳೆಯುವಂಥದ್ದೂ ಅಲ್ಲ. ಇದನ್ನು ಹುಡುಕಿ ಸರಿಮಾಡುವ ಒಳ್ಳೆಯ ರಿಪೇರಿಗಾರರ ಕೆಲಸ ನೋಡುವುದಕ್ಕೆ ನನಗೆ ಹಾಡು ಕೇಳುವಷ್ಟೇ ಇಷ್ಟ. ಸ್ಕ್ರೂಡ್ರೈವರು ಅವರ ಕೈಗೆ ಬರುವುದು ಕೊನೆಗೆ. ಮೊದಲೆಲ್ಲ ಬರೀ ಕಿವಿ, ತಲೆ, ಪ್ರಶ್ನೆ.

ಕಳೆದುಹೋದದ್ದು ಏನೆಂದು ತಿಳಿಯಬೇಕಾದರೆ ಅದು ಮೊದಲು ಎಲ್ಲಿತ್ತು ಎಂದು ತಿಳಿಯಬೇಕು. ಸ್ಟೀರಿಯೋ ವಿದ್ಯೆಯ ಮೂಲಪುರುಷರಲ್ಲಿ ಒಬ್ಬ ಅಲನ್ ಬ್ಲಮ್‌ಲೈನ್ ಎಂಬ ಇಂಗ್ಲಿಷ್ ಎಂಜಿನಿಯರು. ಹೆಂಡತಿಯ ಜೊತೆ ಸಿನಿಮಾಕ್ಕೆ ಹೋದಾಗ ನಟ ಪರದೆಯ ಒಂದು ತುದಿಯಲ್ಲಿದ್ದರೂ ಅವನ ಮಾತು ಇನ್ನೆಲ್ಲಿಂದಲೋ ಬರುವುದು ಅವನಿಗೆ ಸರಿಬರಲಿಲ್ಲ, ಇದಕ್ಕೆ ಉಪಾಯವಿದೆ ಎಂದು ಅವಳಿಗೆ ಹೇಳಿದ ಎಂಬ ಮಾತಿದೆ. ಉಪಾಯ ನಿಜಕ್ಕೂ ಇತ್ತು. 1931ರ ಡಿಸೆಂಬರ್ 14ರಂದು ಅವನು ಸಲ್ಲಿಸಿದ ಪೇಟೆಂಟು, 394325ನೇ ಸಂಖ್ಯೆಯದು, 70 ಹಕ್ಕುಗಳನ್ನು ಒಟ್ಟಿಗೆ ಕೇಳಿತ್ತು. ಒಂದೇ ಗೀರಿನಲ್ಲಿ ಎರಡು ದಾರಿಯ ಸದ್ದನ್ನು ಕೊರೆಯುವ ವಿಧಾನವೂ ಅದರಲ್ಲೇ ಇತ್ತು. ಅವನಿದ್ದದ್ದು ಇಎಂಐ ಸಂಸ್ಥೆಯಲ್ಲಿ. ನಮ್ಮ ಮನೆಗಳಿಗೆ ನಾಯಿ ಗುರುತಿನ ಎಚ್‌ಎಂವಿ ತಟ್ಟೆಗಳನ್ನು ಕಳಿಸುತ್ತಿದ್ದ ಬಳಗವೇ ಅದು. 1934ರ ಜನವರಿಯಲ್ಲಿ ಲಂಡನ್ನಿನ ಆಬಿ ರೋಡ್ ಸ್ಟುಡಿಯೋದಲ್ಲಿ ಥಾಮಸ್ ಬೀಚಮ್ ಮೊಜಾರ್ಟನ ಸಿಂಫನಿಯನ್ನು ಅಭ್ಯಾಸ ಮಾಡಿಸುತ್ತಿದ್ದಾಗ ಇವನು ತನ್ನ ಮೈಕುಗಳನ್ನಿಟ್ಟು ಮುದ್ರಿಸಿಕೊಂಡ. 1942ರಲ್ಲಿ ರಾಡಾರ್ ಪರೀಕ್ಷೆಗೆ ಹೊರಟಿದ್ದ ವಿಮಾನ ಬಿದ್ದು ಸತ್ತಾಗ ಅವನಿಗೆ 38 ವರ್ಷ. ಸ್ಟೀರಿಯೋ ತಟ್ಟೆಗಳು ಅಂಗಡಿಗಳಲ್ಲಿ ತುಂಬಿದ್ದು 1958ರ ಹೊತ್ತಿಗೆ. ಅದನ್ನು ನೋಡಲು ಅವನಿರಲಿಲ್ಲ.

ಬ್ಲಮ್‌ಲೈನನ ಲೆಕ್ಕಾಚಾರ ನಿಂತಿರುವುದು ನಮ್ಮ ಕಿವಿಗಳ ಒಂದು ಹಳೆಯ ಅಭ್ಯಾಸದ ಮೇಲೆ. ಪಕ್ಕದಿಂದ ಬಂದ ಸದ್ದು ಹತ್ತಿರದ ಕಿವಿಯನ್ನು ಮೊದಲು ಮುಟ್ಟುತ್ತದೆ, ದೂರದ ಕಿವಿಯನ್ನು ಆಮೇಲೆ. ತಲೆಯ ಅಗಲ ಎಷ್ಟಿದ್ದೀತು? ಆ ತಡ ಹೆಚ್ಚೆಂದರೆ 0.65 ಮಿಲಿಸೆಕೆಂಡ್. ಸೆಕೆಂಡನ್ನು ಲಕ್ಷ ಚೂರು ಮಾಡಿದರೆ ಅದರಲ್ಲಿ ಒಂದು ಚೂರಿನಷ್ಟು ತಡವನ್ನೂ ಮೆದುಳು ಗುರುತಿಸಬಲ್ಲದು. ಗಡಸು, ಗಂಭೀರ ದನಿಗಳಿಗೆ ಈ ತಡ ದಿಕ್ಕು ತೋರಿಸುತ್ತದೆ. ಸಣ್ಣ, ಚೂಪು ದನಿಗಳಿಗೆ ತಲೆಯ ನೆರಳು ಬಿದ್ದ ಕಡೆ ಸದ್ದು ತಗ್ಗುವುದು ತೋರಿಸುತ್ತದೆ. ಈಗ ಎರಡು ಸ್ಪೀಕರುಗಳಿಂದ ಒಂದೇ ಸದ್ದನ್ನು, ಒಂದೇ ಜೋರಿನಲ್ಲಿ, ಒಂದೇ ಗಳಿಗೆಯಲ್ಲಿ ಬಿಡಿ. ಎರಡೂ ಕಿವಿಗೆ ಒಂದೇ ವರದಿ ತಲುಪುತ್ತದೆ. ಒಂದೇ ವರದಿ ಬರುವುದು ನಟ್ಟನಡುವೆ ಇರುವ ವಸ್ತುವಿನಿಂದ ಮಾತ್ರ ಎಂದು ಮೆದುಳು ಹುಟ್ಟಿದಾಗಿನಿಂದ ಕಲಿತಿದೆ. ಆದ್ದರಿಂದ ಗಾಯಕಿಯನ್ನು ನಡುವೆ ಕೂರಿಸಿಬಿಡುತ್ತದೆ. ಒಂದು ಕಡೆ ನಾಲ್ಕೈದು ಡೆಸಿಬೆಲ್ ಜೋರು ಮಾಡಿದರೆ ಅವರು ಅತ್ತ ಸರಿಯುತ್ತಾರೆ. ಹದಿನೈದು ಹದಿನೆಂಟಕ್ಕೆ ಏರಿಸಿದರೆ ಪೂರ್ತಿ ಆ ಪೆಟ್ಟಿಗೆಯೊಳಗೆ.

ಅಂದರೆ ನಡುವಿನ ಗಾಯಕಿಯನ್ನು ಯಾವ ಯಂತ್ರವೂ ಮಾಡುತ್ತಿಲ್ಲ. ಎರಡು ಕಡೆಗಳ ಹೋಲಿಕೆಯನ್ನು ನೋಡಿ ನಮ್ಮ ತಲೆ ಮಾಡುತ್ತಿದೆ. ಜೋಡೆತ್ತಿನಲ್ಲಿ ಒಂದು ಜಗ್ಗಿ ಇನ್ನೊಂದು ಸೋತರೆ ನೇಗಿಲ ಸಾಲು ಸೊಟ್ಟಗಾಗುತ್ತದಲ್ಲ, ಹಾಗೆ. ಎತ್ತು ಬಡಕಲಾಗಿದ್ದರೂ ಎರಡೂ ಸಮವಾಗಿ ಬಡಕಲಾಗಿದ್ದರೆ ಸಾಲು ನೆಟ್ಟಗೇ ಇರುತ್ತದೆ. ಅಗ್ಗದ, ಹಳೆಯ, ದನಿ ಅಷ್ಟಕ್ಕಷ್ಟೇ ಎನ್ನುವ ಸ್ಪೀಕರುಗಳು ಕೂಡ ಜೋಡಿ ಕೂಡಿದ್ದರೆ ಸೊಗಸಾದ ಬಿಂಬ ಕಟ್ಟುತ್ತವೆ. ಲಕ್ಷ ರೂಪಾಯಿಯ ಜೋಡಿಯಲ್ಲಿ ಒಂದು ಸ್ವಲ್ಪ ಬೇರೆಯಾದರೂ ಕಟ್ಟುವುದಿಲ್ಲ. ಬಲ್ಲ ರಿಪೇರಿಗಾರರು "ಯಾವುದು ಕೆಟ್ಟಿದೆ?" ಎಂದು ಹುಡುಕುವುದಿಲ್ಲ, "ಎಡಕ್ಕೂ ಬಲಕ್ಕೂ ಎಲ್ಲಿ ಭೇದ ಬಂತು?" ಎಂದು ಹುಡುಕುತ್ತಾರೆ. ಈ ಕಸುಬಿನ ಗುಟ್ಟು ಇಷ್ಟೇ ಎಂದು ನನಗನ್ನಿಸಿದೆ, ಮಿಕ್ಕಿದ್ದೆಲ್ಲ ಇದರ ಕೊಂಬೆರೆಂಬೆ.

ನಮ್ಮ ಬೀದಿಯ ನಿವೃತ್ತ ಮೇಷ್ಟ್ರೊಬ್ಬರ ಮನೆಗೆ ಹೀಗೇ ಒಬ್ಬರು ಬಂದಿದ್ದಾಗ ನಾನೂ ಹೋಗಿ ಕೂತಿದ್ದೆ. ಮೇಷ್ಟ್ರು ಆಂಪ್ಲಿಫೈಯರಿನ ಹಿಂದಿನ ಸ್ಕ್ರೂ ತೋರಿಸುತ್ತ ಟಾರ್ಚು ಹಿಡಿದು ಸಿದ್ಧವಾಗಿ ನಿಂತಿದ್ದರು.

"ಬಿಚ್ಚೋದು ಆಮೇಲಿರ್ಲಿ ಮೇಷ್ಟ್ರೇ. ಈಚೆಗೆ ಮನೇಲಿ ಏನೇನು ಸರಿಸಿದ್ರಿ, ಹೇಳಿ."

"ಏನೂ ಇಲ್ಲಪ್ಪ. ಮಗಳ ಮದುವೆಗೆ ಬಣ್ಣ ಹೊಡೆಸಿದ್ವಿ, ಅಷ್ಟೆ."

ಒಳಗಿಂದ ಅವರ ಮನೆಯವರು ಸೇರಿಸಿದರು: "ಅವತ್ತು ವೈರೆಲ್ಲ ಕಿತ್ತಿದ್ದು ಪೇಂಟರ್ ಹುಡುಗ್ರು, ತಿರುಗಿ ಸಿಕ್ಕಿಸಿದ್ದು ನನ್ನ ತಮ್ಮ."

"ಹಂಗಾದ್ರೆ ಅರ್ಧ ಕೆಲಸ ಮುಗೀತು ಬಿಡಿ ಅಮ್ಮಾ."

ಬಂದವರು ಆಮೇಲೂ ಏನನ್ನೂ ಮುಟ್ಟಲಿಲ್ಲ. ಮೇಷ್ಟ್ರ ಕುರ್ಚಿಯಲ್ಲಿ ಕೂತು ಒಂದು ಹಳೆಯ ಕಪ್ಪು-ಬಿಳುಪು ಚಿತ್ರದ ಹಾಡು ಹಾಕಿಸಿದರು. ಸ್ಟೀರಿಯೋ ಪರೀಕ್ಷೆಗೆ ಸ್ಟೀರಿಯೋ ಅಲ್ಲದ ಹಾಡು! ಇದು ಜಾಣತನದ ಆಯ್ಕೆ. 'ಬೇಡರ ಕಣ್ಣಪ್ಪ' ಬಂದ 1954ರ ಕಾಲದ ಹಾಡುಗಳೆಲ್ಲ ಒಂದೇ ದಾರಿಯಲ್ಲಿ ಮುದ್ರಣಗೊಂಡವು. ಎರಡೂ ಸ್ಪೀಕರಿಗೆ ಹೋಗುವುದು ಅಕ್ಷರಶಃ ಒಂದೇ ಸಂಕೇತ. ಹಾಗಾಗಿ ಹಾಡುವವರು, ಕೊಳಲು, ತಬಲ ಎಲ್ಲವೂ ನಟ್ಟನಡುವೆ ಅಂಗೈ ಅಗಲದ ಜಾಗದಲ್ಲಿ ಒಟ್ಟಿಗೆ ಕೂರಬೇಕು. ಕೂತರೆ ಎಡಬಲ ಸಮ. ಒಂದು ಕಡೆ ವಾಲಿದರೆ ಜೋರಿನಲ್ಲಿ ಭೇದ. ದನಿ ನಡುವೆಯೇ ಇದ್ದು ಅದರ 'ಸ', 'ಶ'ಗಳು ಮಾತ್ರ ಒಂದು ಬದಿಗೆ ಹಾರಿದರೆ ಚೂಪು ದನಿ ಹೊರಡಿಸುವ ಟ್ವೀಟರಿನಲ್ಲಿ ಭೇದ. ನಡುವೂ ಅಲ್ಲ ಬದಿಯೂ ಅಲ್ಲ, ದನಿಗೆ ವಿಳಾಸವೇ ಇಲ್ಲ ಎನ್ನುವಂತಾದರೆ, ತಂತಿ ತಿರುಗಾಮುರುಗಾ. ಈ ಕೆಲಸಕ್ಕೆ ಇಂಟರ್ನೆಟ್ಟಿನಿಂದ ಹಾಡು ತೆಗೆಯುವವರು ಎಚ್ಚರವಾಗಿರಬೇಕು. ಹಳೆಯ ಹಾಡುಗಳಿಗೆ ಕೃತಕವಾಗಿ ಅಗಲ ಕೊಟ್ಟು ಏರಿಸಿರುವವರು ಬಹಳ ಮಂದಿ. ಅಂಥದ್ದು ಪರೀಕ್ಷೆಗೆ ಬಾರದು. ಎಫ್‌ಎಂ ಟ್ಯೂನರಿದ್ದರೆ ಮೋನೋ ಗುಂಡಿ ಒತ್ತಿ, ಎರಡು ಸ್ಟೇಷನ್ನುಗಳ ನಡುವಿನ ಬರೀ ಸುಯ್‌ ಸದ್ದನ್ನು ಹಾಕಿದರೂ ಆದೀತು. ಆ ಸುಯ್ಯೆನ್ನುವುದರಲ್ಲಿ ಎಲ್ಲ ಸ್ವರಗಳೂ ಇರುವುದರಿಂದ ಸಣ್ಣ ಭೇದವೂ ಬೇಗ ಸಿಕ್ಕಿಬೀಳುತ್ತದೆ.

ಮೇಷ್ಟ್ರ ಮನೆಯಲ್ಲಿ ಹಾಡಿಗೆ ವಿಳಾಸವಿರಲಿಲ್ಲ. ಬಾಸು ಕೂಡ ಸತ್ತಿತ್ತು. ಬಂದವರ ಮುಖದಲ್ಲಿ ಒಂದು ನಗು ಹಾದುಹೋಯಿತು.

ಸ್ಪೀಕರಿಗೆ ಹೋಗುವ ಎರಡು ತಂತಿಗಳಲ್ಲಿ ಒಂದು ಕೂಡು, ಒಂದು ಕಳೆ. ಆಂಪ್ಲಿಫೈಯರು ನೂಕಿದಾಗ ಎರಡೂ ಸ್ಪೀಕರುಗಳ ಕೋನು ಒಟ್ಟಿಗೆ ಮುಂದೆ ಬರಬೇಕು, ಒಟ್ಟಿಗೆ ಹಿಂದೆ ಹೋಗಬೇಕು. ಒಂದರಲ್ಲಿ ಮಾತ್ರ ತಂತಿ ಅದಲುಬದಲಾದರೆ ಎಡದ್ದು ಗಾಳಿಯನ್ನು ನೂಕುವ ಹೊತ್ತಿಗೆ ಬಲದ್ದು ಎಳೆಯುತ್ತಿರುತ್ತದೆ. ಬಾಸ್ ಸ್ವರಗಳ ಅಲೆ ಬಹಳ ಉದ್ದ. 50 ಹರ್ಟ್ಸಿನ ಅಲೆಯೊಂದು ಹತ್ತಿರ ಹತ್ತಿರ ಏಳು ಮೀಟರು. ಅಷ್ಟು ಉದ್ದದ ಅಲೆಗೆ ಆರು ಅಡಿ ಅಂತರದ ಎರಡು ಸ್ಪೀಕರು ಒಂದೇ ಜಾಗದಲ್ಲಿದ್ದಂತೆ. ಹಾಗಾಗಿ ಒಂದರ ನೂಕು ಇನ್ನೊಂದರ ಎಳೆತಕ್ಕೆ ವಜಾ ಆಗಿ ಬಾಸು ಬರಿದಾಗುತ್ತದೆ. ಮನುಷ್ಯರ ದನಿಯಲ್ಲಿರುವ ಮೇಲುಸ್ವರಗಳ ಅಲೆಗಳು ನಾಲ್ಕೈದು ಇಂಚಿನವು. ಅವು ಹೀಗೆ ಸಲೀಸಾಗಿ ವಜಾ ಆಗುವುದಿಲ್ಲ, ಒಂದು ಕಡೆ ಕೂಡಿ ಇನ್ನೊಂದು ಕಡೆ ಕಳೆದು ಗೊಂದಲವಾಗುತ್ತವೆ. ಕಿವಿಗಳಿಗೆ ಬರುವುದು ಒಂದಕ್ಕೊಂದು ವಿರುದ್ಧವಾದ ವರದಿ. ಪ್ರಕೃತಿಯಲ್ಲಿ ಯಾವ ವಸ್ತುವೂ ಹೀಗೆ ಸದ್ದು ಮಾಡುವುದಿಲ್ಲವಾದ್ದರಿಂದ ಮೆದುಳು ಅದನ್ನು ಎಲ್ಲೂ ಇಡಲಾರದೆ ಕೈಚೆಲ್ಲುತ್ತದೆ. ಕೆಲವರಿಗೆ ತಲೆಯೊಳಗೆ ಸದ್ದು ಕೂತ ಹಾಗೆ, ಕಿವಿ ದಡ್ಡುಗಟ್ಟಿದ ಹಾಗೆ ಅನ್ನಿಸುವುದೂ ಇದೇ ಕಾರಣಕ್ಕೆ.

ಪತ್ತೆ ಹಚ್ಚಿದ ರೀತಿ ನೋಡಿ. ಅವರು ಎರಡೂ ಸ್ಪೀಕರುಗಳನ್ನು ಎತ್ತಿ ತಂದು ಮುಖಕ್ಕೆ ಮುಖ ತಾಗುವಷ್ಟು ಹತ್ತಿರ ನಿಲ್ಲಿಸಿದರು. ಅದೇ ಹಾಡು. ದನಿ ತಗಡಿನ ಡಬ್ಬದೊಳಗಿಂದ ಬಂದಂತೆ ಬಂತು. ಆಂಪ್ಲಿಫೈಯರು ಆರಿಸಿ, ಒಂದು ಸ್ಪೀಕರಿನ ತಂತಿ ತಿರುವಿ ಹಾಕಿ ಮತ್ತೆ ಹಚ್ಚಿದರು. ತಬಲದ ಡಗ್ಗಾ ಗುಮ್ಮೆಂದಿತು. ಮೇಷ್ಟ್ರು ಕುರ್ಚಿಯಿಂದ ಎದ್ದೇಬಿಟ್ಟರು. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಸ್ಪೀಕರ್ ವೈರಿನಲ್ಲಿ ಒಂದು ಎಳೆ ಕೆಂಪು, ಒಂದು ಕಪ್ಪು, ಯಾರೂ ತಪ್ಪಲಾರರು. ಇವರ ಮನೆಯದ್ದು ಪಾರದರ್ಶಕ ಹೊದಿಕೆಯದು. ಒಂದು ಎಳೆ ತಾಮ್ರದ ಬಣ್ಣ, ಇನ್ನೊಂದು ಬೆಳ್ಳಿ ಬಣ್ಣ. ಗೋಡೆಯ ಮೂಲೆಯ ಮಬ್ಬಿನಲ್ಲಿ ಭಾವಮೈದುನರಿಗೆ ಎರಡೂ ಒಂದೇ ಕಂಡಿವೆ.

ಒಂದು ಟಾರ್ಚಿನ ಸೆಲ್ಲಿನಿಂದಲೂ ಇದನ್ನು ನೋಡಬಹುದು. ಆಂಪ್ಲಿಫೈಯರಿನಿಂದ ವೈರು ಕಿತ್ತು, ಅದರ ತುದಿಗೆ 1.5 ವೋಲ್ಟಿನ ಸೆಲ್ಲನ್ನು ಕ್ಷಣಮಾತ್ರ ತಾಗಿಸಿದರೆ ಬಾಸು ಹೊರಡಿಸುವ ವೂಫರಿನ ಕೋನು 'ಟಪ್' ಎಂದು ಹೊರಕ್ಕೋ ಒಳಕ್ಕೋ ಜಿಗಿಯುತ್ತದೆ. ಎರಡೂ ಕಡೆ ಒಂದೇ ಥರ ಜಿಗಿಯಬೇಕು, ಅಷ್ಟೆ. ಕೂಡನ್ನು ಕೂಡಿಗೆ ತಾಗಿಸಿದರೆ ಕೋನು ಹೊರಗೆ ಬರುವುದು ರೂಢಿ. ಹಳೆಯ ಕಾಲದ ಜೆಬಿಎಲ್ ವೂಫರುಗಳಲ್ಲಿ ಇದಕ್ಕೆ ತದ್ವಿರುದ್ಧವಾಗಿ ಒಳಗೆ ಹೋಗುತ್ತಿತ್ತು. ಅದು ದೋಷವಲ್ಲ, ಅವರ ಮನೆಯ ಪದ್ಧತಿ. ಇನ್ನೊಂದು ಬಲೆ ಪೆಟ್ಟಿಗೆಯ ಒಳಗಿದೆ. ಕೆಲವು ಸ್ಪೀಕರುಗಳಲ್ಲಿ, ಸದ್ದನ್ನು ವೂಫರಿಗೂ ಟ್ವೀಟರಿಗೂ ಹಂಚುವ ಕ್ರಾಸ್ಓವರಿನಲ್ಲಿ ಟ್ವೀಟರನ್ನು ಬೇಕೆಂದೇ ತಿರುವಿ ಜೋಡಿಸಿರುತ್ತಾರೆ, ವೂಫರೂ ಅದೂ ಸೇರುವ ಜಾಗದಲ್ಲಿ ದನಿ ಹಳ್ಳ ಬೀಳದಿರಲಿ ಎಂದು. ಅರ್ಧಂಬರ್ಧ ಕಲಿತವರು ಬಿಚ್ಚಿ ನೋಡಿ "ಕಂಪನಿಯವರೇ ತಪ್ಪು ಮಾಡಿದ್ದಾರೆ" ಎಂದು 'ಸರಿ' ಮಾಡಿ ಹೋಗುತ್ತಾರೆ. ಒಂದೇ ಪೆಟ್ಟಿಗೆಗೆ ಹಾಗೆ ಮಾಡಿದರೆ ಆಮೇಲೆ ಎಂಥ ಗಟ್ಟಿಗರಿಗೂ ತಲೆನೋವು.

ತಂತಿ ಸರಿಯಿದ್ದೂ ಹಾಡು ಒಂದು ಕಡೆ ವಾಲುತ್ತಿದ್ದರೆ ಬರುವುದು ಅದಲುಬದಲಿನ ಆಟ. ನನಗೆ ಈ ಕೆಲಸದಲ್ಲಿ ಅತ್ಯಂತ ಸುಂದರವಾಗಿ ಕಾಣುವುದು ಇದು. ಹಾಡು ಬಲಕ್ಕೆ ವಾಲುತ್ತಿದೆ, ಅಂದರೆ ಎಡ ಸೋತಿದೆ ಎನ್ನಿ. ಆಂಪ್ಲಿಫೈಯರನ್ನು ಆರಿಸಿ, ಅದರ ಹಿಂಭಾಗದಲ್ಲಿ ಎಡದ ಸ್ಪೀಕರ್ ವೈರನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿ. ಈಗ ವಾಲುವುದು ಎಡಕ್ಕೆ ಬದಲಾಯಿತೇ? ಹಾಗಾದರೆ ಸೋಲು ಆಂಪ್ಲಿಫೈಯರಿನಲ್ಲಿ ಅಥವಾ ಅದಕ್ಕೂ ಹಿಂದೆ ಇದೆ. ವೈರು, ಸ್ಪೀಕರು, ಕೋಣೆ ಇವೆಲ್ಲ ಒಂದೇ ಏಟಿಗೆ ನಿರಪರಾಧಿಗಳು. ಇನ್ನೂ ಬಲಕ್ಕೇ ವಾಲುತ್ತಿದೆಯೇ? ಆಗ ಹಿಂದಿನದೆಲ್ಲ ನಿರಪರಾಧಿ. ಎರಡು ನಿಮಿಷದಲ್ಲಿ ಅರ್ಧ ಮನೆ ತಪಾಸಣೆ ಮುಗಿದಂತೆ. ಮುಂದಿನ ಹೆಜ್ಜೆಯಲ್ಲಿ ಉಳಿದರ್ಧವನ್ನು ಮತ್ತೆ ಅರ್ಧ ಮಾಡುವುದು. ಆಂಪ್ಲಿಫೈಯರಿನ ಕಡೆ ಅನುಮಾನವಿದ್ದರೆ ಸಿಡಿ ಪ್ಲೇಯರಿನಿಂದ ಬರುವ ಕೆಂಪು-ಬಿಳಿ ಪಿನ್ನುಗಳನ್ನು ಅದಲುಬದಲು ಮಾಡುವುದು. ಸ್ಪೀಕರಿನ ಕಡೆಯಾದರೆ ಪೆಟ್ಟಿಗೆಗಳನ್ನೇ ಎತ್ತಿ ಜಾಗ ಬದಲಾಯಿಸುವುದು. ದೋಷ ಪೆಟ್ಟಿಗೆಯ ಜೊತೆ ನಡೆದುಹೋದರೆ ಪೆಟ್ಟಿಗೆಯದು, ನಿಂತಲ್ಲೇ ನಿಂತರೆ ಕೋಣೆಯದು. ಒಂದು ಸಲಕ್ಕೆ ಒಂದೇ ಬದಲಾವಣೆ, ಇದನ್ನು ಮಾತ್ರ ಮುರಿಯಬಾರದು. ಎರಡು ಬದಲಾವಣೆಯನ್ನು ಒಟ್ಟಿಗೆ ಮಾಡಿದವರು ಉತ್ತರ ಸಿಕ್ಕರೂ ಯಾವ ಪ್ರಶ್ನೆಗೆ ಎಂದು ಗೊತ್ತಾಗದೆ ಕೂರುತ್ತಾರೆ.

ಈ ಆಟಕ್ಕೆ ಸಿಗದ ಒಂದೇ ಕಳ್ಳ, ಮೊದಲು ಹೇಳಿದ ಕೂಡು-ಕಳೆಯ ಅದಲುಬದಲು. ಅದು ಎಡದ್ದೂ ಅಲ್ಲ ಬಲದ್ದೂ ಅಲ್ಲ, ಅವೆರಡರ ನಡುವಿನ ಜಗಳ. ಎಷ್ಟು ಅದಲುಬದಲು ಮಾಡಿದರೂ ಜಗಳ ಹಾಗೇ ಇರುತ್ತದೆ. ಅದಕ್ಕೇ ಬಲ್ಲವರು ಅದನ್ನು ಮೊದಲೇ ವಿಚಾರಿಸಿಕೊಂಡು ಮುಂದಕ್ಕೆ ಹೋಗುತ್ತಾರೆ.

ಆಂಪ್ಲಿಫೈಯರಿನಲ್ಲಿ ಎಂದು ತೀರ್ಮಾನವಾದರೆ ಬಹಳ ಸಲ ಸಿಗುವುದು ಕ್ಷುಲ್ಲಕ ಕಾರಣವೇ. ವಾಲ್ಯೂಮ್ ನಾಬಿನ ಹಿಂದೆ ಒಂದೇ ದಂಡಕ್ಕೆ ಪೋಣಿಸಿದ ಎರಡು ಇಂಗಾಲದ ಪಟ್ಟಿಗಳಿರುತ್ತವೆ, ಎಡಕ್ಕೊಂದು ಬಲಕ್ಕೊಂದು. ಸದ್ದು ತೀರ ಕಮ್ಮಿಯಿದ್ದಾಗ ಅವೆರಡೂ ಹೆಜ್ಜೆ ತಪ್ಪುವುದು ಸಾಮಾನ್ಯ. ರಾತ್ರಿ ಮೆಲ್ಲಗೆ ಕೇಳುವಾಗ ಮಾತ್ರ ಹಾಡು ವಾಲಿ, ಬೆಳಿಗ್ಗೆ ಜೋರಾಗಿ ಹಾಕಿದಾಗ ನೆಟ್ಟಗಾದರೆ ಇದೇ ಸಂಗತಿ. ತಿರುಗಿಸಿದಾಗ ಕರಕರ ಎಂದರೆ ಧೂಳು. ಕಾಂಟ್ಯಾಕ್ಟ್ ಕ್ಲೀನರ್ ಎರಡು ತೊಟ್ಟು ಬಿಟ್ಟು ನಾಬನ್ನು ಆ ತುದಿಯಿಂದ ಈ ತುದಿಗೆ ಹತ್ತಿಪ್ಪತ್ತು ಸಲ ತಿರುಗಿಸಬೇಕು. ಕರಾವಳಿಯ ಮನೆಗಳಲ್ಲಿ ಪಿನ್ನುಗಳಿಗೆ ಕಿಲುಬು ಹಿಡಿಯುವುದು ಇನ್ನೊಂದು. ಪಿನ್ನನ್ನು ಸಾಕೆಟ್ಟಿನಲ್ಲಿ ನಾಲ್ಕು ಸಲ ತಿರುಚಿದರೇ ಎಷ್ಟೋ ವೇಳೆ ಸತ್ತ ಕಡೆ ಎದ್ದು ಕೂರುತ್ತದೆ. ಬ್ಯಾಲೆನ್ಸ್ ನಾಬು ಮಕ್ಕಳ ಕೈಗೆ ಸಿಕ್ಕು ಒಂದು ಕಡೆ ತಿರುಗಿರುವುದೂ ಉಂಟು. ಅದನ್ನು ನೋಡದೆ ಪೆಟ್ಟಿಗೆ ಬಿಚ್ಚಿದವರ ಕಥೆ ನಗಲು ಚೆನ್ನ.

ಸ್ಪೀಕರಿನದ್ದಾದರೆ ಟ್ವೀಟರು ಸತ್ತಿದೆಯೇ ಎಂದು ಮೊದಲು ನೋಡಬೇಕು. ಕ್ಯಾಲೆಂಡರಿನ ಹಾಳೆಯನ್ನು ಕೊಳವೆಯಂತೆ ಸುರುಳಿ ಸುತ್ತಿ ಒಂದು ತುದಿಯನ್ನು ಟ್ವೀಟರಿಗೂ ಇನ್ನೊಂದನ್ನು ಕಿವಿಗೂ ಹಿಡಿದರೆ ತಾಳದ ಝಣಕಾರ ಅಲ್ಲಿದೆಯೋ ಇಲ್ಲವೋ ತಿಳಿಯುತ್ತದೆ. ಬರೀ ಕಿವಿಯಿಂದ ತಿಳಿಯುವುದು ಕಷ್ಟ, ವೂಫರು ಪಕ್ಕದಲ್ಲೇ ಗದ್ದಲ ಮಾಡುತ್ತಿರುತ್ತದೆ. ಸ್ಪೀಕರಿನ ತಂತಿಗಳನ್ನು ಆಂಪ್ಲಿಫೈಯರಿನಿಂದ ಬಿಡಿಸಿ ಮಲ್ಟಿಮೀಟರಿನಿಂದ ಓಮ್ ಅಳೆದರೆ 8 ಓಮಿನದು ಸುಮಾರು 6 ತೋರಿಸಬೇಕು. ನಿಖರ ಸಂಖ್ಯೆಗಿಂತ ಎಡದ್ದೂ ಬಲದ್ದೂ ಒಂದೇ ಬರುವುದು ಮುಖ್ಯ. ಕೋನಿನ ಸುತ್ತ ಫೋಮಿನ ಅಂಚಿರುವ ಹಳೆಯ ವೂಫರುಗಳಲ್ಲಿ ಆ ಫೋಮು ಹದಿನೈದಿಪ್ಪತ್ತು ವರ್ಷಕ್ಕೆ ಬೆರಳು ತಾಗಿದರೆ ಪುಡಿಯಾಗುತ್ತದೆ, ಒಂದು ಮೊದಲು ಇನ್ನೊಂದು ಆಮೇಲೆ. ಹೊಸ ಅಂಚು ಅಂಟಿಸುವವರು ಬೆಂಗಳೂರಿನ ಎಸ್‌.ಪಿ. ರೋಡಿನಂಥ ಕಡೆ ವಿಚಾರಿಸಿದರೆ ಸಿಗುತ್ತಾರೆ. ಆಗ ಎರಡೂ ವೂಫರಿಗೆ ಒಟ್ಟಿಗೆ ಮಾಡಿಸಬೇಕು ಎಂದು ಒಳ್ಳೆಯವರೇ ಹೇಳುತ್ತಾರೆ. ದುಡ್ಡಿನಾಸೆಗೆ ಹೇಳುತ್ತಾರೆಂದು ತಿಳಿಯಬಾರದು, ಜೋಡಿ ತಪ್ಪಿಸಬಾರದೆಂಬುದೇ ಕಾರಣ.

ತಟ್ಟೆ ಕೇಳುವವರ ಮನೆಯಲ್ಲಿ ಇನ್ನೊಂದು ಲೋಕವಿದೆ. ಮುಳ್ಳನ್ನು ಹೊತ್ತಿರುವ ಕಾರ್ಟ್ರಿಜ್ಜಿನ ಹಿಂದೆ ಕಡ್ಡಿಯಷ್ಟು ಸಣ್ಣ ನಾಲ್ಕು ಪಿನ್ನು. ಬಿಳಿ ಮತ್ತು ನೀಲಿ ಎಡದವು, ಕೆಂಪು ಮತ್ತು ಹಸಿರು ಬಲದವು. ಹೊಸ ಕಾರ್ಟ್ರಿಜ್ಜು ಹಾಕುವಾಗ ಬಿಳಿ-ನೀಲಿ ಅದಲುಬದಲಾದರೆ ಸಾಕು, ಮೇಷ್ಟ್ರ ಮನೆಯ ರೋಗವೇ ತಟ್ಟೆಗೆ ಮಾತ್ರ ಅಂಟುತ್ತದೆ, ಸಿಡಿ ಆರೋಗ್ಯವಾಗಿರುತ್ತದೆ. ಮುಳ್ಳು ಗೀರಿನಲ್ಲಿ ನೆಟ್ಟಗೆ ನಿಂತಿದೆಯೇ ಎಂದು ನೋಡುವುದಕ್ಕೆ ತಟ್ಟೆಯ ಜಾಗದಲ್ಲಿ ಪುಟ್ಟ ಕನ್ನಡಿಯಿಟ್ಟು ಮುಳ್ಳನ್ನು ಅದರ ಮೇಲೆ ಮೆಲ್ಲಗೆ ಇಳಿಸುತ್ತಾರೆ. ಮುಳ್ಳೂ ಪ್ರತಿಬಿಂಬವೂ ಒಂದೇ ಗೆರೆಯಾಗಿ ಕಾಣಬೇಕು. ನಡು ಮುರಿದಂತೆ ಕಂಡರೆ ವಾಲಿದೆ ಎಂದರ್ಥ.

ಹೆಡ್‌ಫೋನಿನದ್ದು ಒಂದು ವಿಚಿತ್ರ ಹೇಳಿಯೇ ಮುಂದೆ ಹೋಗುತ್ತೇನೆ. ಎಡಬಲ ಎರಡಕ್ಕೂ ವಾಪಸು ಹೋಗುವ ದಾರಿ ಒಂದೇ ಸಮಾನ ತಂತಿ. ಜಾಕಿನಲ್ಲಿ ಅದೊಂದು ಕಡಿದರೆ ಹಾಡು ನಿಲ್ಲುವುದಿಲ್ಲ. ಗಾಯಕಿ ಮಾತ್ರ ಮಾಯವಾಗಿ ಹಿಂದಿನ ವಾದ್ಯಗಳು, ಸ್ಟುಡಿಯೋದ ಪ್ರತಿಧ್ವನಿ ಉಳಿಯುತ್ತವೆ. ಎರಡೂ ಕಡೆಗೆ ಸಮನಾಗಿರುವುದು ಪರಸ್ಪರ ಕಳೆದುಹೋಗಿ ಬರೀ ಭೇದ ಕೇಳುತ್ತಿರುತ್ತದೆ, ಅದಕ್ಕೆ. ನಡುವೆ ನಿಲ್ಲುವ ದನಿ ಅಂದರೆ ಎಡಬಲಗಳ ಸಾಮ್ಯವೇ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಇನ್ನು ಕೋಣೆ. ಇಲ್ಲಿ ರಿಪೇರಿಗಾರರಿಗಿಂತ ಮನೆಯವರದೇ ಮಾತು ನಡೆಯುವುದರಿಂದ ಜಟಿಲ. ಹತ್ತು ಹನ್ನೆರಡಡಿಯ ಹಾಲಿನಲ್ಲಿ ಟಿವಿ, ಷೋಕೇಸು, ಬೀರು, ದಿವಾನು ಎಲ್ಲ ಮೊದಲೇ ಜಾಗ ಹಿಡಿದಿರುತ್ತವೆ. ಸ್ಪೀಕರು ಉಳಿದ ಜಾಗಕ್ಕೆ ಬಂದ ಬಾಡಿಗೆದಾರ. ಒಂದು ಷೋಕೇಸಿನ ಮೇಲೆ, ಇನ್ನೊಂದು ನೆಲದಲ್ಲಿ, ಕುರ್ಚಿ ಬಾಗಿಲ ಹತ್ತಿರ. ಲೆಕ್ಕ ಹಾಕಿ: ಸದ್ದು ಸೆಕೆಂಡಿಗೆ ಸುಮಾರು 345 ಮೀಟರು ಓಡುತ್ತದೆ. ಒಂದು ಸ್ಪೀಕರು ನಿಮಗೆ ಒಂದಡಿ ಹತ್ತಿರವಿದ್ದರೆ ಅದರ ಸದ್ದು 0.9 ಮಿಲಿಸೆಕೆಂಡ್ ಮೊದಲೇ ಬರುತ್ತದೆ, ಇಡೀ ತಲೆ ದಾಟುವ ಹೊತ್ತಿಗಿಂತ ಹೆಚ್ಚು. ಗಾಯಕಿ ಆ ಪೆಟ್ಟಿಗೆಗೆ ಅಂಟಿಕೊಳ್ಳಲು ಅಷ್ಟೇ ಸಾಕು. ಆದ್ದರಿಂದ ಮೊದಲ ಉಪಕರಣ ಟೇಪು. ಕುರ್ಚಿಯ ತಲೆಯಿಂದ ಎಡದ ಟ್ವೀಟರಿಗೆ, ಬಲದ ಟ್ವೀಟರಿಗೆ ಅಳತೆ ಒಂದಾಗಬೇಕು, ಒಂದಿಂಚು ಹೆಚ್ಚುಕಮ್ಮಿಯೂ ಕಿವಿಗೆ ತಿಳಿಯುತ್ತದೆ. ಟ್ವೀಟರು ಕೂತವರ ಕಿವಿಯ ಎತ್ತರದಲ್ಲಿರಲಿ. ಸ್ಪೀಕರುಗಳ ನಡುವಿನ ಅಂತರವೂ ಕುರ್ಚಿಗೆ ಇರುವ ದೂರವೂ ಹತ್ತಿರಹತ್ತಿರ ಸಮವಾಗಿ ಮುಕ್ಕೋನವಾದರೆ ಆರಂಭಕ್ಕೆ ಒಳ್ಳೆಯದು.

ಆಮೇಲೆ ಗೋಡೆ. ಒಂದೇ ಸದ್ದು ನೇರವಾಗಿ ಬಂದು, ಮತ್ತೆ ಗೋಡೆಗೆ ತಾಗಿ ತುಸು ತಡವಾಗಿ ಬಂದರೆ ಕಿವಿ ಮೊದಲು ಬಂದದ್ದರ ದಿಕ್ಕನ್ನೇ ನಂಬುತ್ತದೆ. ಜರ್ಮನಿಯ ಹೆಲ್ಮುಟ್ ಹಾಸ್ 1949ರಲ್ಲಿ ಇದನ್ನು ಪರೀಕ್ಷಿಸಿ ತೋರಿಸಿದ. ನಂಬುತ್ತದೆ ನಿಜ, ಆದರೆ ಪಕ್ಕದ ಗೋಡೆಯ ಸದ್ದು ಎರಡು ಮೂರು ಮಿಲಿಸೆಕೆಂಡಿನಲ್ಲೇ ಜೋರಾಗಿ ಹಿಂಬಾಲಿಸಿದರೆ ಬಿಂಬದ ಅಂಚು ಮಸುಕಾಗುತ್ತದೆ, ಒಂದೇ ಕಡೆಯಿಂದಾದರೆ ಅತ್ತ ಎಳೆದುಕೊಳ್ಳುತ್ತದೆ. ಎಡಕ್ಕೆ ಬರಿಗೋಡೆ ಮತ್ತು ಕಬ್ಬಿಣದ ಬೀರು, ಬಲಕ್ಕೆ ಪರದೆ ಬಿಟ್ಟ ಕಿಟಕಿ: ನಮ್ಮ ಹಾಲುಗಳ ಸ್ಥಾಯೀ ಚಿತ್ರ ಇದು. ಎಲ್ಲಿ ಸದ್ದು ಪುಟಿಯುತ್ತಿದೆ ಎಂದು ಹುಡುಕಲು ಕನ್ನಡಿಯ ಉಪಾಯವಿದೆ. ನೀವು ಕುರ್ಚಿಯಲ್ಲಿ ಕೂತಿರಿ; ಇನ್ನೊಬ್ಬರು ಪಕ್ಕದ ಗೋಡೆಗುಂಟ ಕನ್ನಡಿ ಸರಿಸುತ್ತ ಹೋಗಲಿ. ಯಾವ ಜಾಗದಲ್ಲಿ ಕನ್ನಡಿಯೊಳಗೆ ಸ್ಪೀಕರು ಕಾಣುತ್ತದೋ ಅಲ್ಲಿಂದಲೇ ಸದ್ದು ಪುಟಿಯುವುದು. ಅಲ್ಲೊಂದು ದಪ್ಪ ಪರದೆ, ಪುಸ್ತಕದ ಕಪಾಟು, ಗೋಡೆಗೆ ತೂಗುಹಾಕಿದ ಜಮಖಾನ ಏನಾದರೂ ಬಂದರೆ ಗಾಯಕಿ ಮತ್ತೆ ಒಂದು ಕಡೆ ಕೂರುತ್ತಾರೆ. ಗ್ರಾನೈಟು, ಟೈಲ್ಸಿನ ನೆಲಕ್ಕೂ ಇದೇ ಮದ್ದು, ಸ್ಪೀಕರಿಗೂ ಕುರ್ಚಿಗೂ ನಡುವೆ ಒಂದು ಕಾರ್ಪೆಟ್ಟು. ಖಾಲಿ ಹಾಲಿನಲ್ಲಿ ಒಂದು ಚಪ್ಪಾಳೆ ತಟ್ಟಿ; ಝರ್ರೆಂದು ಬಾಲ ಬಂದರೆ ಎದುರುಬದುರು ಗೋಡೆಗಳು ಮಾತಾಡಿಕೊಳ್ಳುತ್ತಿವೆ ಎಂದು ತಿಳಿಯಬೇಕು.

ಫೋನಿನಿಂದಲೇ ಹಾಡು ಕೇಳುವವರು ಫೋನಿನೊಳಗೂ ಒಮ್ಮೆ ನೋಡಬೇಕು. ಒಂದೇ ಕಿವಿ ಕೇಳುವವರ ಅನುಕೂಲಕ್ಕೆಂದು ಎಡಬಲ ಎರಡನ್ನೂ ಸೇರಿಸಿಬಿಡುವ ಮೋನೋ ಸೆಟ್ಟಿಂಗು ಅದರಲ್ಲಿರುತ್ತದೆ, ಬೆರಳು ತಾಗಿ ಹತ್ತಿಕೊಂಡಿರುತ್ತದೆ. ಹೋಂ ಥಿಯೇಟರಿನವರು ಸರೌಂಡನ್ನು ಆರಿಸಿ, ಸ್ಪೀಕರಿನ ದೂರವನ್ನು ಹಳೆಯ ಮನೆಯ ಅಳತೆಗೆ ಬಿಟ್ಟಿಲ್ಲವೇ ಎಂದು ನೋಡಿಕೊಳ್ಳಬೇಕು. ಕೊನೆಯದಾಗಿ ಕಿವಿ. ಕುರ್ಚಿಯನ್ನು ತಿರುಗಿಸಿ ಸ್ಪೀಕರುಗಳಿಗೆ ಬೆನ್ನು ಹಾಕಿ ಕೂತುಕೊಳ್ಳಿ. ಮೊದಲು ಎಡಗೈ ಕಡೆ ವಾಲುತ್ತಿದ್ದ ಹಾಡು ಈಗಲೂ ಎಡಗೈ ಕಡೆಗೇ ವಾಲಿದರೆ ದೋಷ ಯಂತ್ರದಲ್ಲಿಲ್ಲ. ಕಿವಿಯ ಗುಗ್ಗೆಯೋ ನೆಗಡಿಯೋ ಇರಬಹುದು, ಕಿವಿ-ಮೂಗು-ಗಂಟಲಿನ ಡಾಕ್ಟರು ನೋಡಲಿ.

ಎಲ್ಲ ಸರಿಯಿದ್ದೂ ಬಿಂಬ ಬಾರದಿದ್ದರೆ ಮುದ್ರಣವನ್ನೇ ಕೇಳಬೇಕು. ದೂರದ ಊರಿನಲ್ಲಿ ಎಫ್‌ಎಂ ಸಂಕೇತ ಬಡವಾದಾಗ ರೇಡಿಯೋ ತಾನಾಗಿ ಮೋನೋಗೆ ಇಳಿಯುತ್ತದೆ. ಸ್ಟೀರಿಯೋ ಎಂದು ಸಾರುವ 19 ಕಿಲೋಹರ್ಟ್ಸಿನ ಗುರುತುಸ್ವರ ಸಿಗದಿದ್ದರೆ ಸೆಟ್ಟಿನ ದೀಪವೂ ಹತ್ತುವುದಿಲ್ಲ. ಅಲ್ಲಿ ಬೇಕಾದದ್ದು ಏರಿಯಲ್ಲು, ರಿಪೇರಿಯಲ್ಲ. ಕಚೇರಿಯ ಮುದ್ರಣದಲ್ಲಿ ಪಿಟೀಲು ಎಡಕ್ಕೂ ಮೃದಂಗ ಬಲಕ್ಕೂ ಕೇಳಿದರೆ ವೈರು ಅದಲುಬದಲಾಗಿದೆ ಎಂದು ಹಾರಿಬೀಳಬಾರದು. ಮೃದಂಗದ ಬಲಮುಖ ಸಭೆಯತ್ತ ಇರಲೆಂದು ವಿದ್ವಾಂಸರು ಹಾಡುವವರ ಬಲಕ್ಕೆ, ಅಂದರೆ ನಮ್ಮ ಎಡಕ್ಕೆ, ಕೂರುವುದು ವಾಡಿಕೆ. ಪಳನಿ ಸುಬ್ರಮಣ್ಯ ಪಿಳ್ಳೆ ಅವರಂತೆ ಎಡಗೈಯವರಾದರೆ ಜಾಗ ತಿರುಗುತ್ತದೆ. ಮಿಕ್ಸಿಂಗಿನ ಮೇಜಿನಲ್ಲಿ ಯಾರೋ ತಮಗೆ ತೋಚಿದಂತೆ ಹಂಚಿದ ಮುದ್ರಣಗಳೂ ಧಾರಾಳ. ಬೀಟಲ್ಸ್ ಮೊದಲ ತಟ್ಟೆಗಳ ಸ್ಟೀರಿಯೋದಲ್ಲಿ ಹಾಡೆಲ್ಲ ಒಂದು ಕಡೆ, ವಾದ್ಯವೆಲ್ಲ ಇನ್ನೊಂದು ಕಡೆ. ನಡುವೆ ಯಾರೂ ಇಲ್ಲ. ಎರಡೇ ಟ್ರ್ಯಾಕಿನಲ್ಲಿ ಮುದ್ರಿಸಿದ್ದು ಹಾಗೆ, ಅದನ್ನು ಯಾವ ಮೆಕ್ಯಾನಿಕ್ಕೂ ಸರಿಮಾಡಲಾರ. ಆಂಪ್ಲಿಫೈಯರಿನಲ್ಲಿ ಮೋನೋ ಗುಂಡಿ ಇದ್ದರೆ ಒತ್ತಿ ಕೇಳುವುದೇ ಮೇಲು.